ಮುಗಿಯದ ಹಾಸು

೧೪ ಅಕ್ಟೋಬರ್, ಮಂಗಳವಾರ. ಬೆಟಗೇರಿ.

ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ನೆಗೆಣ್ಣಿ ಕಾಂಚನಾಳ ಎಡಮೊಲೆಯಲ್ಲಿ ಗಡ್ಡೆ ಕಂಡದ್ದು ಯುಗಾದಿಯ ಹೊತ್ತಿಗೆ. ಅತ್ತೆ ಔಡಲ ಎಲೆ ಬಿಸಿ ಮಾಡಿ ಕಟ್ಟಿದರು. "ಮಗ್ಗದ ಕಟ್ಟಿಗಿ ಒತ್ತಿ ಒತ್ತಿ ಹಂಗಾಗೇತಿ. ನೋವಿಲ್ಲಲ್ಲ, ಬಿಡು" ಎಂದರು. ಅವಳ ಗಂಡ, ನನ್ನ ಮೈದುನ ವೀರೇಶ, "ಈ ಹಾಸು ಮುಗೀಲಿ, ತೋರಸೂಣು" ಎಂದ.

ಮಗ್ಗಕ್ಕೆ ಉದ್ದಕ್ಕೆ ಬಿಗಿದ ಈ ನೂಲಿನ ಹಾಸು ಮುಗಿಯುವುದು ಯಾವಾಗ? ನಮ್ಮಲ್ಲಿ ಮಗ್ಗ ಬರಿದಾಗಬಾರದು. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆ ಜೋಡಿಸುತ್ತಲೇ ಇರುತ್ತೇವೆ. ಸೀರೆಗಳು ಇಳಿದವು, ಗಡ್ಡೆ ಬೆಳೆಯಿತು.

ಇವತ್ತು ನಾನೇ ಅವಳನ್ನು ಎಳೆದುಕೊಂಡು ಹೋಗಿ ಗದಗಿನಲ್ಲಿ ಲೇಡಿ ಡಾಕ್ಟರಿಗೆ ತೋರಿಸಿದೆ.

"ನೋವಿಲ್ಲಂತ ಸುಮ್ಮನ ಕುಂತ್ರೇನ್ರಿ? ಗಡ್ಡಿ ಕೈಗೆ ಹತ್ತಿದ ಕೂಡ್ಲೆ ಬರಬೇಕ್ರಿ. ಈಗರ ಜಲ್ದಿ ಹುಬ್ಬಳ್ಳಿ ಕ್ಯಾನ್ಸರ್ ದವಾಖಾನಿಗೆ ಹೋಗ್ರಿ" ಎಂದರು ಅವರು.

ಮನೆಗೆ ಬಂದು ಹೇಳಿದರೆ ವೀರೇಶನದು ಮತ್ತೆ ಅದೇ ರಾಗ. "ದೀಪಾವಳಿ ಸೀರಿ ಅದಾವ ವೈನಿ. ಇದೊಂದು ಹಾಸು ಮುಗೀಲಿ."

ಅತ್ತೆಯದು ಇನ್ನೊಂದು. "ಮೆಲ್ಲಕ ಮಾತಾಡ್ರಿ, ಓಣ್ಯಾಗ ಕೇಳತೈತಿ."

ಕಾಂಚನಾ ಹೋಗಿ ಮಗ್ಗದಲ್ಲಿ ಕೂತಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕತ್ತರಿ ತಂದು, ಬಿಗಿದ ಎಳೆಗಳನ್ನೆಲ್ಲ ಅಡ್ಡಡ್ಡ ಕತ್ತರಿಸಿಬಿಟ್ಟೆ.

"ಹಾಸು ಮುಗೀತು. ಏಳವ್ವ, ನಾಳೆ ಮುಂಜಾನಿ ಹುಬ್ಬಳ್ಳಿಗೆ ಹೋಗೂಣು" ಎಂದೆ.

ಅತ್ತೆ ಇಡೀ ಓಣಿಗೆ ಕೇಳುವಂತೆ ಚೀರಿದರು. ಯುಗಾದಿಯಲ್ಲೇ ಈ ಮನೆಯಲ್ಲಿ ಯಾರಾದರೂ ಆ ಗಡ್ಡೆಗಾಗಿ ಹಾಗೆ ಚೀರಿದ್ದರೆ, ಅದು ಇಷ್ಟು ಬೆಳೆಯುತ್ತಿರಲಿಲ್ಲ.