ಎಡಗಾಲು ಮೊದಲು

ಅಣ್ಣಾ,

ನೀನು ತೀರಿಕೊಂಡು ಮೂರು ಚಳಿಗಾಲ ಕಳೆದಿರುವುದರಿಂದ ಉತ್ತರಕ್ಕೆ ಅವಸರವಿಲ್ಲ. ಬಾಲಚಕ್ರವರ್ತಿಯ ರಾಜಪ್ರತಿನಿಧಿಯಾದ ನಾನು ಇಂದು ಹೊಸವರ್ಷದ ಸಭೆಗೆ ಕ್ಯೋತೊ ಅರಮನೆಯ ಮೆಟ್ಟಿಲು ಹತ್ತಿದೆ. ಎಡಗಾಲು ಮೊದಲಿಟ್ಟೆ. ದೇಶ ಉಳಿಯಿತು.

ಮುದಿ ಮಂತ್ರಿ ಸುಕೆನೋರಿ ಬೀಸಣಿಗೆಯ ಮರೆಯಿಂದ ಕೆಣಕಿದ: "ಏನ್ ಪ್ರಭುಗಳೇ, ನಿಮ್ಮಣ್ಣ ಇದೇ ಕಾಲಿಟ್ಟಾಗ ತಪ್ಪು ಅಂತ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನೀವೇ ಅಲ್ವಾ?"

"ಅಪ್ಪ ಅರಮನೆ ವಿಧಿಗಳನ್ನ ಬರೆದಿಟ್ಟ ದಿನಚರೀಲಿ ಎಡಗಾಲು ಅಂತಾನೇ ಇದೆ."

"ಆಗ ದಿನಚರಿ ಯಾರ ಹತ್ರ ಇತ್ತು?"

"ನನ್ನ ಹತ್ರಾನೇ."

ಆ ನಗುವಿನಿಂದಲೇ ನೀನು ತಲೆ ಬೋಳಿಸಿಕೊಂಡು ಬೆಟ್ಟದ ಮಠ ಸೇರಿದೆ. ನಿನ್ನ ಪದವಿ ನನಗೆ ಬಂತು.

ಮನೆಗೆ ಬಂದು ನನ್ನ ದಿನಚರಿಯಲ್ಲಿ ಬರೆದೆ: "ಎಡಗಾಲು ಮೊದಲು. ಅಣ್ಣ ಹಾಗೆಯೇ ಇಟ್ಟಿದ್ದ." ಹಾಳೆಯಲ್ಲಿ ಇನ್ನೂ ಜಾಗವಿತ್ತು. ಅಂದು ನಕ್ಕವನ ಹೆಸರು ಬರೆಯಹೋದೆ, ಶಾಯಿ ಒಣಗಿತ್ತು.