ಬುಗುರಿಯನ್ನು ಅಳೆದ ದಿನಗಳು

ಜೂನ್ 4, ಮಂಗಳವಾರ

ಬೆಳಿಗ್ಗೆಯಿಂದ ಸಲೂನಿನಲ್ಲಿ ಕತ್ತರಿ ಕೆಳಗಿಡಲು ಬಿಡುವಿಲ್ಲ. ಶಾಲೆ ಶುರುವಾಗುವ ವಾರ. ಬೀದಿಯ ಮಕ್ಕಳೆಲ್ಲ ನನ್ನ ಕುರ್ಚಿಯಲ್ಲೇ ಕೂರಬೇಕು, ನನ್ನ ಕಿವಿಯಲ್ಲೇ ಅಳಬೇಕು. ಮಧ್ಯಾಹ್ನ ಪೋಸ್ಟ್‌ಮ್ಯಾನ್ ತನ್ನ ಎರಡೂವರೆ ವರ್ಷದ ಮಗನನ್ನು ಕರೆತಂದ. ಅವನು ಅಳಲಿಲ್ಲ. ಕನ್ನಡಿ ಮೇಲಿನ ದೀಪಕ್ಕೆ ಬೆರಳು ಮಾಡಿದ, ಅಪ್ಪನ ಮುಖ ನೋಡಿದ, ಮತ್ತೆ ದೀಪಕ್ಕೆ ಬೆರಳು. "ಅದೇನು? ಅದೇನು?" ಪೋಸ್ಟ್‌ಮ್ಯಾನ್‌ಗೆ ಸಾಕಾಗಿ ಹೋಯಿತು. ನನ್ನ ಕೈ ನಿಂತುಹೋಯಿತು.

ನಮ್ಮ ಮಗಳು ಬುಗುರಿಗೆ ಇವನಿಗಿಂತ ಎರಡು ತಿಂಗಳು ಹೆಚ್ಚೇ. ಒಂದು ದಿನವೂ ಯಾವುದಕ್ಕೂ ಬೆರಳು ಮಾಡಿದವಳಲ್ಲ.

ಮನೆಯಲ್ಲಿ ಹೇಳಬಾರದು ಅಂದುಕೊಂಡೇ ಬಂದೆ. ಊಟಕ್ಕೆ ಕೂತಾಗ ಹೆಂಡತಿಯೇ ಬಾಯಿಬಿಟ್ಟಳು. "ಮಕ್ಕಳ ಡಾಕ್ಟರ್ ಹತ್ರ ಹೋಗಿದ್ದೆ ರೀ. ಮೊದಲು ಕಿವಿ ಟೆಸ್ಟ್ ಮಾಡ್ಸಿ, ಆಮೇಲೆ ಬೆಳವಣಿಗೆ ಟೆಸ್ಟ್ ಅಂದ್ರು."

"ನನ್ ಮಗಳಿಗೆ ಏನಾಗಿದೆ ಅಂತ ಟೆಸ್ಟು?" — ರೇಗಿಬಿಟ್ಟೆ.

ಅಮ್ಮ ನನ್ನ ಪರ. "ಇವನೂ ಮೂರು ತುಂಬೋವರೆಗೆ ಬಾಯಿ ಬಿಟ್ಟಿರಲಿಲ್ಲ. ಈಗ ನೋಡು, ಗಿರಾಕಿಗಳ ತಲೆ ತಿಂತಾನೆ. ನೀನು ಆಫೀಸು ಆಫೀಸು ಅಂತ ಓಡ್ತೀಯ, ಮಗು ಕೈಗೆ ಫೋನ್ ಕೊಡ್ತೀಯ. ಮಾತು ಎಲ್ಲಿಂದ ಬರಬೇಕು?"

ಹೆಂಡತಿ ತಟ್ಟೆ ಬಿಟ್ಟು ಎದ್ದಳು. ಬುಗುರಿ ಹಾಲ್ ನಡುವೆ ಗಿರಗಿರ ಸುತ್ತುತ್ತಿದ್ದಳು. ಸುತ್ತುವಾಗ ಅವಳಿಗೆ ಅದೆಷ್ಟು ನಗು! ಅದಕ್ಕೇ ಆ ಹೆಸರು. ಇಟ್ಟವನು ನಾನೇ.

ಜೂನ್ 13, ಗುರುವಾರ

ಕಿವಿ ಸರಿಯಾಗಿದೆ. ಎರಡೂ. ಪಿಸುಮಾತೂ ಕೇಳಿಸುತ್ತದಂತೆ.

"ನೋಡಿದ್ಯಾ? ಸುಮ್ನೆ ಹೆದರಿದ್ದೆ" ಅಂದೆ. ಬಸ್ ಸ್ಟಾಪಿನಲ್ಲಿ ಹೆಂಡತಿ ಅಳತೊಡಗಿದಳು. ಖುಷಿಗೆ ಅಂದುಕೊಂಡೆ. ಅಲ್ಲ.

"ಕಿವಿ ಕೇಳ್ಸಲ್ಲ ಅಂದಿದ್ರೆ ಮಷಿನ್ನಾದ್ರೂ ಹಾಕ್ಸಬಹುದಿತ್ತು ರೀ. ಕೇಳ್ಸುತ್ತೆ. ಕೇಳ್ಸಿಯೂ ನಾನು ಕರೆದ್ರೆ ತಿರುಗಲ್ಲ. ನಾನು ಯಾರು ಅಂತಾನೇ ಇಲ್ಲ ಅವಳಿಗೆ."

ಬಸ್ಸು ಬಂತು, ಹತ್ತಿದೆವು. ಬುಗುರಿ ದಾರಿಯುದ್ದಕ್ಕೂ ಕಿಟಕಿಯ ಸರಳು ನೆಕ್ಕಿದಳು.

ಜೂನ್ 21, ಶುಕ್ರವಾರ

ಬೆಳವಣಿಗೆ ಟೆಸ್ಟ್. ಅಂಗಡಿಗೆ ಅರ್ಧ ದಿನ ಬಾಗಿಲು.

ಟೆಸ್ಟ್ ಅಂದರೆ ಸೂಜಿ, ವೈರು ಅಂತೆಲ್ಲ ಕಲ್ಪಿಸಿಕೊಂಡಿದ್ದೆ. ಒಂದು ಸಣ್ಣ ಕೋಣೆ, ನೆಲಕ್ಕೆ ಚಾಪೆ, ಮೊಣಕಾಲೆತ್ತರದ ಮೇಜು. ಮೂಲೆಯಲ್ಲಿ ಮುಚ್ಚಳ ಹಾಕಿದ ಡಬ್ಬಿಗಳು. ಪರೀಕ್ಷೆ ಮಾಡುವ ಮೇಡಂ ಕುರ್ಚಿಯನ್ನು ನಮಗೆ ಕೊಟ್ಟು ತಾವು ನೆಲದಲ್ಲೇ ಕೂತರು. ನಾನು ಮನಸ್ಸಿನಲ್ಲೇ ಹೆಸರಿಟ್ಟೆ — ನೆಲದ ಮೇಡಂ.

ಮೊದಲು ನಮಗೇ ಪ್ರಶ್ನೆ. ಯಾವಾಗ ಕೂತಳು, ಯಾವಾಗ ನಡೆದಳು. ಟಾಟಾ ಮಾಡ್ತಾಳಾ? ಏನಾದ್ರೂ ಇಷ್ಟವಾದ್ರೆ ತಂದು ತೋರಿಸ್ತಾಳಾ? ಬೆರಳು ಮಾಡ್ತಾಳಾ?

"ಹ್ಞೂ, ಮಾಡ್ತಾಳೆ" ಅಂದೆ. ಬಾಯಿಂದ ಜಾರಿತು.

"ಇಲ್ಲ ಮೇಡಂ, ಮಾಡಲ್ಲ" ಅಂದಳು ಹೆಂಡತಿ. ನನ್ನ ಕಡೆ ನೋಡದೆ.

ಮೇಡಂ ಇಬ್ಬರನ್ನೂ ನೋಡಿ ಸುಮ್ಮನೆ ತಲೆ ಆಡಿಸಿದರು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಯಾರೋ ಕಸ ಹೀರುವ ವ್ಯಾಕ್ಯೂಮ್ ಮಷಿನ್ ಹಾಕಿದರು. ಬುಗುರಿ ಕಿವಿ ಮುಚ್ಚಿಕೊಂಡು ಮೇಜಿನಡಿ ನುಗ್ಗಿದವಳು ಹೊರಗೆ ಬರಲಿಲ್ಲ. ಕಿರುಚಾಟ. ಬೆವರಿ ಕೂದಲೆಲ್ಲ ಹಣೆಗೆ ಅಂಟಿತು. ನಾನು ಎಳೆಯಲು ಹೋದೆ.

"ಬಿಡಿ, ಎಳೀಬೇಡಿ" ಅಂದರು ಮೇಡಂ. ದೀಪ ತಗ್ಗಿಸಿದರು. ತಾವೂ ಮೇಜಿನ ಆಚೆ ಬದಿಗೆ ಮಲಗಿದರು, ಅವಳನ್ನು ನೋಡದೆ, ಸೂರು ನೋಡುತ್ತ. ಎಷ್ಟೋ ಹೊತ್ತಿಗೆ ಬುಗುರಿ ತಾನಾಗಿ ಹೊರಬಂದು ಹೆಂಡತಿಯ ಸೆರಗಿನೊಳಗೆ ತೂರಿಕೊಂಡಳು. ಆಮೇಲೆ ಮೇಡಂ: "ಇವತ್ತು ಬೇಡ. ಈಗ ಅಳೆದ್ರೆ ಅವಳ ಭಯಾನ ಅಳೆದಂಗಾಗುತ್ತೆ, ಅವಳನ್ನಲ್ಲ. ಇನ್ನೊಂದು ದಿನ, ಬೆಳಿಗ್ಗೆ ಮೊದಲನೇ ಸರದಿಗೆ ಬನ್ನಿ. ಆಗ ಎಲ್ಲಾ ಸುಮ್ನಿರುತ್ತೆ."

ವಾಪಸ್ ಬರುವಾಗ ಹೆಂಡತಿಯ ಜೊತೆ ಮಾತಿಲ್ಲ. ಹೊರಗಿನವರ ಮುಂದೆ ಗಂಡನ ಮಾನ ತೆಗೆದಳಲ್ಲ... ಅಂತ ಕೋಪ. ಬುಗುರಿ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಭಾರವಾಗಿದ್ದಾಳೆ.

ಜುಲೈ 2, ಮಂಗಳವಾರ

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ. ಮನೆಯಲ್ಲಿ ಉಪ್ಪು, ಸಕ್ಕರೆ, ಬೀಗದಕೈ — ಇಷ್ಟೇ ಮಾತು.

ಇವತ್ತು ಅಮ್ಮನಿಗೆ ಕಾಲುನೋವು. ಹೆಂಡತಿಗೆ ಕರೆಂಟ್ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಬುಗುರಿಯನ್ನು ಅಂಗಡಿಗೆ ಕರೆದೊಯ್ದೆ. ಬಾಚಣಿಗೆ ಡಬ್ಬಿ ಸಿಕ್ಕಿದ್ದೇ ತಡ, ಲೋಕ ಮರೆತಳು. ಎಲ್ಲವನ್ನೂ ಸಾಲಾಗಿ ಜೋಡಿಸಿದಳು. ಹಲ್ಲು ದಪ್ಪದ್ದು ಮೊದಲು, ಸಣ್ಣದ್ದು ಕೊನೆಗೆ. ಯಾರೂ ಕಲಿಸಿದ್ದಲ್ಲ. ನಡುವಿನದೊಂದನ್ನು ಗಿರಾಕಿಗೆಂದು ಎತ್ತಿಕೊಂಡೆ. ಕಿರುಚಿದಳು. ನನ್ನನ್ನು ನೋಡಿ ಅಲ್ಲ — ಖಾಲಿ ಜಾಗ ನೋಡಿ.

ಆಮೇಲೆ ಬಾಯಾರಿಕೆ. ಬಂದು ನನ್ನ ಮಣಿಕಟ್ಟು ಹಿಡಿದಳು. ಎಳೆದುಕೊಂಡು ಹೋಗಿ ನನ್ನ ಕೈಯನ್ನು ನಲ್ಲಿಯ ಮೇಲೆ ಇಟ್ಟಳು. ಇಕ್ಕಳ ಇಟ್ಟ ಹಾಗೆ. ನನ್ನ ಮುಖದತ್ತ ಒಮ್ಮೆಯೂ ಕಣ್ಣು ಬರಲಿಲ್ಲ.

ದಿನಾ ಹೀಗೇ ಮಾಡುತ್ತಾಳೆ. ದಿನಾ 'ಎಷ್ಟು ಜಾಣೆ' ಅನ್ನುತ್ತಿದ್ದೆ. ಜಾಣೆಯೇ. ಆದರೆ ಇವತ್ತು ಇದನ್ನೂ ನೋಡಿದೆ.

ರಾತ್ರಿ ಊಟದ ನಡುವೆ ಹೆಂಡತಿಗೆ ಹೇಳಿದೆ: "ಶುಕ್ರವಾರ ಟೆಸ್ಟಿಗೆ ನಾನೂ ಬರ್ತೀನಿ. ಇದ್ದದ್ದು ಇದ್ದಂಗೇ ಹೇಳ್ತೀನಿ."

ಅವಳು ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿದಳು.

ಜುಲೈ 5, ಶುಕ್ರವಾರ

ಎಲ್ಲಿಂದ ಶುರು ಮಾಡಲಿ!

ಬೆಳಿಗ್ಗೆ ಮೊದಲ ಸರದಿ. ಕಟ್ಟಡವೆಲ್ಲ ನಿಶ್ಶಬ್ದ. ಬೆರಳು ಮಾಡಲ್ಲ, ನನ್ನ ಕೈ ಹಿಡಿದು ಎಳೀತಾಳೆ ಅಂತ ನಾನೇ ಹೇಳಿದೆ. ಮೇಡಂ ಬೈಯಲಿಲ್ಲ, "ಅದು ತುಂಬಾ ಉಪಯೋಗಕ್ಕೆ ಬರೋ ಮಾತು" ಅಂದರು. ಅಷ್ಟೇ. ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು.

ಆಟವೋ ಪರೀಕ್ಷೆಯೋ ಗೊತ್ತೇ ಆಗದು. ಹೆಸರು ಹಿಡಿದು ಕರೆದರು — ತಿರುಗಲಿಲ್ಲ. ಹೆಂಡತಿ ಕರೆದಳು — ಇಲ್ಲ. ಗೊಂಬೆಗೆ ತುತ್ತು ಕೊಡು ಅಂದರು — ಗೊಂಬೆಯ ರೆಪ್ಪೆ ಮುಚ್ಚಿ ತೆಗೆದು ಮುಚ್ಚಿ ತೆಗೆದು... ಹೆಂಡತಿ ನನ್ನ ಬೆರಳು ಹಿಡಿದಳು. ಕೈ ತಣ್ಣಗಿತ್ತು. ಒಂದೊಂದು 'ಇಲ್ಲ'ಕ್ಕೂ ಬಿಗಿಯಾಗುತ್ತಿತ್ತು.

ಆಮೇಲೆ ಮರದ ಹಲಗೆ. ವೃತ್ತ, ಚೌಕ, ನಕ್ಷತ್ರ — ತಕ್ಕ ಗುಂಡಿಯಲ್ಲಿ ಕೂರಿಸಬೇಕು. ಬುಗುರಿ ಟಕ ಟಕ ಕೂರಿಸಿದಳು. ಮೇಡಂ ಹಲಗೆಯನ್ನು ತಲೆಕೆಳಗೆ ಮಾಡಿದರು. ಮತ್ತೆ ಟಕ ಟಕ. ಎದ್ದುಹೋಗಿ ಬೇರೆ ಡಬ್ಬಿ ತಂದರು, ಇನ್ನೂ ಕಷ್ಟದ್ದು. ಅದೂ ಆಯಿತು. ಮೇಡಂ ನಕ್ಕುಬಿಟ್ಟರು. "ತಡಿಯಮ್ಮಾ, ನನ್ನ ಡಬ್ಬೀನೆಲ್ಲ ಖಾಲಿ ಮಾಡ್ತೀಯ!" ಹೆಂಡತಿಯ ಹಿಡಿತ ಸ್ವಲ್ಪ ಸಡಿಲವಾಯಿತು.

ಕೊನೆಗೆ ಸೋಪಿನ ಗುಳ್ಳೆ. ಊದಿದರು. ಬುಗುರಿ ಕುಣಿದಳು. ಫಕ್ಕನೆ ಊದುವುದನ್ನು ನಿಲ್ಲಿಸಿ, ಬಾಟಲಿ ಬಿಗಿಯಾಗಿ ಮುಚ್ಚಿ ಅವಳ ಕೈಗೆ ಕೊಟ್ಟು ಸುಮ್ಮನೆ ಕೂತರು. ಬುಗುರಿ ತಿರುಗಿಸಿದಳು, ಕಚ್ಚಿದಳು. ಆಗಲಿಲ್ಲ. ನಾನು ಸಹಾಯ ಮಾಡಲು ಬಾಗಿದೆ. ಮೇಡಂ ಕಣ್ಣಲ್ಲೇ ಬೇಡ ಅಂದರು. ಕಾದೆವು. ಎಷ್ಟು ಹೊತ್ತು ಅನ್ನಿಸಿತು...

ಬುಗುರಿ ಬಾಟಲಿಯನ್ನು ಮೇಡಂ ಅಂಗೈಯಲ್ಲಿಟ್ಟಳು. ಆಮೇಲೆ ತಲೆಯೆತ್ತಿ ಅವರ ಕಣ್ಣು ನೋಡಿದಳು. ಕೈಯಲ್ಲ. ಬಾಟಲಿಯಲ್ಲ. ಕಣ್ಣು.

"ಆಹಾ" ಅಂದರು ಮೇಡಂ ಮೆಲ್ಲಗೆ, ಗುಳ್ಳೆ ಊದಿದರು.

ಹೆಂಡತಿ ನನ್ನ ಕಿವಿಯಲ್ಲಿ: "ನೋಡಿದ್ರಾ? ರೀ, ನೋಡಿದ್ರಾ?"

ನೋಡಿದೆ ಮಾರಾಯ್ತಿ. ನೋಡಿದೆ.

ಜುಲೈ 12, ಶುಕ್ರವಾರ, ಸಂಜೆ

ಫಲಿತಾಂಶದ ದಿನ. ಅಮ್ಮ ನಾನೂ ಬರ್ತೀನಿ ಅಂತ ಹಟ ಹಿಡಿದಳು. ಮೂವರೂ ಕುರ್ಚಿಯಲ್ಲಿ, ಮೇಡಂ ಎಂದಿನಂತೆ ನೆಲದಲ್ಲಿ, ಅವರ ಪಕ್ಕ ಬುಗುರಿ, ನಕ್ಷತ್ರ ಹಿಡಿದುಕೊಂಡು.

ಸುತ್ತಿ ಬಳಸಿ ಹೇಳಲಿಲ್ಲ. "ಮಗೂಗೆ ಆಟಿಸಂ ಇದೆ."

ಆ ಪದವನ್ನು ಕದ್ದುಮುಚ್ಚಿ ಫೋನಿನಲ್ಲಿ ಓದಿದ್ದೆ. ಹೆಂಡತಿಯೂ ಓದಿದ್ದಳೆಂದು ಅವಳ ಮುಖ ನೋಡಿ ಈಗ ತಿಳಿಯಿತು, ಒಬ್ಬರಿಗೊಬ್ಬರು ಹೇಳಿರಲಿಲ್ಲ. ಜೋರಾಗಿ ಕೇಳಿದಾಗ ನೆಲ ಕುಸಿಯುತ್ತದೆ ಅಂದುಕೊಂಡಿದ್ದೆ. ಕುಸಿಯಲಿಲ್ಲ.

"ಗುಣ ಆಗುತ್ತಾ?" ಅಮ್ಮ ಕೇಳಿದಳು.

"ಇದು ಇಳಿಯೋಕೆ ಜ್ವರ ಅಲ್ಲಮ್ಮ. ಅವಳು ಇರೋದೇ ಹೀಗೆ. ಆದ್ರೆ ಕಲೀತಾಳೆ. ಹೇಗೆ ಕಲಿಸ್ಬೇಕು ಅಂತ ತಿಳಿಯೋಕೇ ಇಷ್ಟೆಲ್ಲ ಅಳೆದಿದ್ದು."

ಆಮೇಲೆ ಬಿಡಿಸಿ ಹೇಳಿದರು. ಕೈಗೂ ಕಣ್ಣಿಗೂ ಸಂಬಂಧಿಸಿದ ಕೆಲಸದಲ್ಲಿ ವಯಸ್ಸಿಗಿಂತ ಮುಂದೆ, ಮೂರೂವರೆ ವರ್ಷದವರ ಹಾಗೆ. ಓಡುವುದು ಹತ್ತುವುದು ವಯಸ್ಸಿಗೆ ಸರಿ. ಮಾತು ಮಾತ್ರ ಒಂದು ವರ್ಷದ ಕೂಸಿನಷ್ಟು. ನಮ್ಮ ಮಾತು ಅರ್ಥವಾಗುವುದು ಅದಕ್ಕಿಂತಲೂ ಕಡಿಮೆ.

ಹೆಂಡತಿ ಮುಂದೆ ಬಾಗಿದಳು. "ಅಂದ್ರೆ... ನಾನು ಕರೆದಾಗ ಬೇಕಂತ್ಲೇ ತಿರುಗದೆ ಇರೋದಲ್ವಾ?"

"ಖಂಡಿತಾ ಅಲ್ಲ. 'ಬಾರೇ ಕಂದ, ಬೇಗ ಬಟ್ಟೆ ಹಾಕ್ಕೊ, ಹೊತ್ತಾಯ್ತು' ಅಂದ್ರೆ ಅವಳಿಗೆ ಅದು ಬರೀ ಸದ್ದು. ಎದುರು ಕೂತು, ಬಟ್ಟೆ ಹಿಡಿದು, 'ಬಟ್ಟೆ' ಅನ್ನಿ. ಒಂದೇ ಪದ. ಅಲ್ಲಿಂದ ಶುರು ಮಾಡೋಣ. ಅವಳಿಗೆ ನೀವು ಬೇಕು. ಇಲ್ಲಿ ಹೆದರಿದ ದಿನ ಕೊನೆಗೆ ತೂರಿಕೊಂಡು ಹೋಗಿದ್ದು ಯಾರ ಸೆರಗಿಗೆ? ನಾನು ನೋಡ್ಲಿಲ್ವಾ?"

ಹೆಂಡತಿ ಅಳಲೂ ಇಲ್ಲ ನಗಲೂ ಇಲ್ಲ, ಎರಡೂ ಸೇರಿ ಬಿಕ್ಕಳಿಕೆ ಬಂತು. ಮೇಡಂ ನೀರು ಕೊಟ್ಟರು.

ಅಮ್ಮ ಗಂಟಲು ಸರಿಮಾಡಿಕೊಂಡಳು. "ಈ ಫೋನು... ಇವಳು ಕೆಲಸಕ್ಕೆ ಹೋಗಿದ್ದು... ಅದ್ರಿಂದ ಬಂದಿದ್ದಾ?"

"ಅಲ್ಲಮ್ಮ. ಫೋನ್ ಕಡಿಮೆ ಮಾಡೋದು ಒಳ್ಳೇದೇ. ಆದ್ರೆ ಇದು ಅದ್ರಿಂದ ಬಂದಿದ್ದಲ್ಲ, ಯಾರ ತಪ್ಪಿನಿಂದಲೂ ಬಂದಿದ್ದಲ್ಲ. ಹುಟ್ಟುವಾಗ್ಲೇ ತಂದಿದ್ದು."

ಅಮ್ಮ ಬಸ್ಸಿನಲ್ಲಿ ನನ್ನನ್ನು ಹಿಂದಿನ ಸೀಟಿಗೆ ಅಟ್ಟಿ ಸೊಸೆಯ ಪಕ್ಕ ಕೂತಳು. ಬಸ್ಸಿನ ಗದ್ದಲದಲ್ಲೂ ಕೇಳಿಸಿತು: "ಏನೇನೋ ಅಂದುಬಿಟ್ಟೆ ಕಣೇ. ನಂಗೂ ಭಯ ಇತ್ತು. ಯಾರ ಮೇಲಾದ್ರೂ ಹಾಕ್ಬೇಕಿತ್ತು, ನೀನು ಸಿಕ್ಕಿದೆ."

"ಬಿಡಿ ಅತ್ತೆ" ಅಂದಳು ಹೆಂಡತಿ. ಸ್ವಲ್ಪ ಹೊತ್ತಿನಲ್ಲಿ ಅತ್ತೆಯ ಹೆಗಲಿಗೊರಗಿ ನಿದ್ದೆ ಹೋದಳು. ಬಾಯಿ ತೆರೆದುಕೊಂಡು. ಎಷ್ಟು ದಿನದ ನಿದ್ದೆಯೋ.

ನನಗೂ ವಿಚಿತ್ರ ಹಗುರ. ಕೆಟ್ಟ ಸುದ್ದಿ ಕೇಳಿ ಬಂದವನು ಹೀಗಿರಬಹುದೇ?

ಜುಲೈ 13

ಬೆಳಿಗ್ಗೆ ಎದ್ದಾಗ ಮತ್ತೆ ಅವೇ ಪ್ರಶ್ನೆಗಳು. ಶಾಲೆ? ಮುಂದೆ? ನಾವಿಲ್ಲದ ಮೇಲೆ? ಬುಗುರಿ ಸುತ್ತುತ್ತಿದ್ದಳು. ಸುತ್ತುವುದೂ ಆಟಿಸಂನದೇ ಒಂದು ಗುರುತು ಅಂದಿದ್ದರು ಮೇಡಂ. ಹೆಸರು ಬದಲಿಸಲೇ ಅಂತ ಹೆಂಡತಿಯನ್ನು ಕೇಳಿದೆ.

"ಯಾಕೆ? ಸುತ್ತುವಾಗ ನಗ್ತಾಳೆ ಅಂತ ತಾನೇ ಇಟ್ಟಿದ್ದು. ಈಗೇನು ನಗು ನಿಂತಿದ್ಯಾ?"

ಸರಿ. ಬುಗುರಿಯೇ.

ಆಗಸ್ಟ್ 11, ಭಾನುವಾರ

ತಿಂಗಳು ಕಳೆಯಿತು. ವಾರಕ್ಕೆರಡು ದಿನ ನೆಲದ ಮೇಡಂ ಹತ್ತಿರ, ಉಳಿದ ದಿನ ಮನೆಯಲ್ಲೇ ನಾವು. ಮನೆಯವರೆಲ್ಲ ನೆಲಕ್ಕಿಳಿದಿದ್ದೇವೆ. ಅಮ್ಮನೂ — ಕಾಲುನೋವಿನ ಜೊತೆಗೆ, ಕೂರಿಸಲು ಒಬ್ಬರು, ಎಬ್ಬಿಸಲು ಇಬ್ಬರು. ಒಂದೊಂದೇ ಪದ. ನೀರು. ಚೆಂಡು. ಬಟ್ಟೆ. ತಲೆ ತಿನ್ನುವ ನನಗೆ ಇದೇ ದೊಡ್ಡ ಶಿಕ್ಷೆ ಅಂತ ಹೆಂಡತಿಗೆ ತಮಾಷೆ.

ಪದ ಇನ್ನೂ ಬಂದಿಲ್ಲ. ಆದರೆ 'ನೀರು' ಅಂದರೆ ಲೋಟ ಹುಡುಕುತ್ತಾಳೆ. ಟೆಸ್ಟ್ ಹೇಳಿದ್ದು ಆ ದಿನದ ಅಳತೆ ಅಷ್ಟೇ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದಿದ್ದಾರೆ ಮೇಡಂ. ನೋಡೋಣ.

ಸೆಪ್ಟೆಂಬರ್ 1, ಭಾನುವಾರ, ಮಧ್ಯಾಹ್ನ

ಬೆಳಿಗ್ಗೆ ಪಾರ್ಕಿಗೆ ಹೋಗಿದ್ದೆವು. ಬೆಂಚಿನಲ್ಲಿ ಹೆಣಿಗೆ ಹಾಕುತ್ತ ಕೂತಿದ್ದ ಅಜ್ಜಿಯೊಬ್ಬರು ಬುಗುರಿಯನ್ನು ಮಾತಾಡಿಸಿದರು. ಹೆಸರೇನು, ಚಿನ್ನ? ಮೌನ. "ಯಾಕೋ ಮಾತೇ ಆಡಲ್ಲ?" ಅಂತ ನನ್ನ ಕಡೆ ತಿರುಗಿದರು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ಅವಳಿಗೆ ಆಟಿಸಂ ಇದೆ ಅಜ್ಜಿ. ನಿಧಾನಕ್ಕೆ ಕಲೀತಿದಾಳೆ" ಅಂದೆ.

ಹೇಳಿಬಿಟ್ಟೆ! ಹೊರಗಿನವರೆದುರು ಇದೇ ಮೊದಲು.

"ಹೌದಾ" ಅಂದರು ಅಜ್ಜಿ. ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರು. ನೂಲಿನ ಉಂಡೆಯೊಂದನ್ನು ಮಗುವಿನ ಮಡಿಲಿಗೆ ಹಾಕಿ ತಮ್ಮ ಹೆಣಿಗೆ ಮುಂದುವರಿಸಿದರು. ಅಷ್ಟೇ ಆಗಿದ್ದು.

ಬರುವಾಗ ಹೆಂಡತಿ ಏನೇನೋ ಹಾಡು ಗುನುಗುತ್ತಿದ್ದಳು, ಶ್ರುತಿಯಿಲ್ಲದೆ. ನಾನು ಸುಮ್ಮನೆ ಕೇಳಿಸಿಕೊಂಡೆ. ಈಗ ಅತ್ತೆ ಸೊಸೆ ಇಬ್ಬರೂ ಒಳಗೆ ಮಲಗಿದ್ದಾರೆ. ಮೇಡಂಗೆ ಹೇಳಬೇಕಾದ್ದು ಒಂದಿಷ್ಟು ಇದೆ, ಮರೆಯುವ ಮುಂಚೆ ಇಲ್ಲಿ ಗುರುತು ಹಾಕೋಣ ಅಂತ ಕೂತೆ. ಮೊದಲನೆಯದು, ನಿನ್ನೆ ಸ್ನಾನದ ಹೊತ್ತಿನಲ್ಲಿ ಬುಗುರಿ...

ಬಂದಳು. ಬಂದು ನೇರ ಪುಸ್ತಕದ ಮೇಲೆಯೇ ಕೂತಳು. ಬೆನ್ನು ನನ್ನ ಎದೆಗೆ ಒತ್ತಿ ಆರಾಮಾಗಿದ್ದಾಳೆ. ಪಕ್ಕದ ಅಂಚಿನಲ್ಲಿ ಇಷ್ಟೇ ಇಷ್ಟು ಜಾಗ ಉಳಿದಿದೆ. ಏಳಿಸಲು ಮನಸ್ಸಿಲ್ಲ. ಉಳಿದದ್ದು ಆಮೇ