ಸಮುದ್ರಕ್ಕೆ ಹೊತ್ತ ಉಪ್ಪು

ಮಲ್ಪೆ, 11-2-61

ಹೆತ್ತೂರಿನ ಅತ್ತಿಗೆಮ್ಮನವರಿಗೆ ಗಂಗಾಮಣಿಯ ನಮಸ್ಕಾರ.

ಮಹಿಳಾ ಸಮಾಜದವರೆಲ್ಲ ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ಕಲಿಯಲು ಇವತ್ತು ದೋಣಿ ಹತ್ತಿ ದ್ವೀಪಕ್ಕೆ ಹೋಗಿಬಂದೆವು. ನಮಗೆ ಕಾವಲೆಂದು ಬಂದ ನಿಮ್ಮ ತಮ್ಮನವರು ಮಹಾ ಧೈರ್ಯವಂತರು. ಮಧ್ಯಾಹ್ನ ಸಮುದ್ರಕ್ಕಿಳಿಯುವ ಮುಂಚೆ, ದಾರಿಯ ಕಾಡಿನಲ್ಲಿ ರಕ್ತ ಹೀರುವ ಇಂಬಳ ಕಾಲಿಗೆ ಹತ್ತದಿರಲೆಂದು ನೀವು ಕಟ್ಟಿಕೊಟ್ಟಿದ್ದ ಉಪ್ಪಿನ ಗಂಟು ಬಿಚ್ಚಿ ಮೊಣಕಾಲತನಕ ತಿಕ್ಕಿಕೊಂಡರು. ಇಲ್ಲಿ ಇಂಬಳ ಎಲ್ಲಿಂದ ಬರಬೇಕು ಎಂದೆ.

"ಸುಮ್ನಿರೇ, ಮರಳೊಳಗೆ ಇದ್ದುಬುಟ್ರೆ?"

ಹಗ್ಗ ಕಲಿಸಿದ ಅಜ್ಜಿ ಅದನ್ನು ನೋಡಿ, "ಎಂತ ಮಾರಾಯ್ರೆ, ನಮ್ಮ ಸಮುದ್ರಕ್ಕೆ ಉಪ್ಪು ಸಾಲಲಿಲ್ವಾ?" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಇವರು ಮಾತ್ರ ನೀರಿನಿಂದೆದ್ದು ಬಂದು, "ಒಂದಾದ್ರೂ ಹತ್ತೈತಾ ನೋಡು!" ಎಂದು ಗೆದ್ದವರ ಹಾಗೆ ಕಾಲು ತೋರಿಸಿದರು.

ಇವರ ಆರೋಗ್ಯ ಬಹಳ ಚೆನ್ನಾಗಿದೆ. ನನ್ನ ಅಂಗೈಯ ಬೊಬ್ಬೆಗಳು ಒಡೆದು ಉಪ್ಪುನೀರಿಗೆ ಉರಿಯುತ್ತಿವೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ. ನಿಮ್ಮ ಕರುವಿಗೆಂದು ನಾಲ್ಕು ಮಾರು ಹಗ್ಗ ತರುತ್ತಿದ್ದೇವೆ. ಅದನ್ನು ತಾವೇ ಹೊಸೆದದ್ದೆಂದು ಇವರು ದೋಣಿಯಲ್ಲೇ ಹೇಳಲು ಶುರುಮಾಡಿದ್ದಾರೆ. ದಯವಿಟ್ಟು ಹೊಗಳಿ, ಆದರೆ ಮೊದಲು ಅಂಗೈ ತೋರಿಸಲು ಹೇಳಿ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಗಂಗಾಮಣಿ